ಘಟ್ಟದಲ್ಲಿ ಮಿಸ್ಸಿಂಗ್, ಗ್ಯಾರೇಜಿನಲ್ಲಿ ಸರಿ

ಮಾನ್ಯ ಸಂಪಾದಕರೇ,

ಕಳೆದ ಆಗಸ್ಟ್‌ನಲ್ಲಿ ಒಂದು ದಿನ ಬೆಳಗಿನ ಜಾವ ತದಡಿ ಬಂದರಿನಲ್ಲಿ ನನ್ನ ಪಿಕಪ್ ಗಾಡಿಗೆ ಬಂಗಡೆ, ಶೆಟ್ಲಿ (ಸೀಗಡಿ) ತುಂಬಿಕೊಂಡು ಶಿರಸಿ ಮಾರ್ಕೆಟ್‌ಗೆ ಹೊರಟಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ, ಆ ಎರಡು ತಿಂಗಳು ನಮ್ಮ ಗಾಡಿಗಳಿಗೂ ಕೆಲಸ ಇಲ್ಲ, ಹಾಗಾಗಿ ಆಗಸ್ಟ್‌ನ ಒಂದೊಂದು ಟ್ರಿಪ್ಪೂ ನಮಗೆ ಮುಖ್ಯ. ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುವಾಗ ಎರಡನೇ ಗೇರಿನಲ್ಲಿ ಗಾಡಿ ಇದ್ದಕ್ಕಿದ್ದಂತೆ ಕುಂಟಲು ಶುರು ಮಾಡಿತು. ಒಂದು ಜರ್ಕ್. ಸ್ವಲ್ಪ ಹೊತ್ತು ಸರಿ. ಮತ್ತೆ ಮೂರು ನಾಲ್ಕು ಜರ್ಕ್ ಒಟ್ಟಿಗೆ. ಮೀಟರ್ ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ಲೈಟ್ ಮಿನುಗಿತು. ಹೇಗೋ ಮೇಲೆ ದೇವಿಮನೆ ತಲುಪಿ ಸಮತಟ್ಟು ರಸ್ತೆ ಸಿಕ್ಕಿದ್ದೇ ತಡ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಗಾಡಿ ಓಡಿತು.

ನಮ್ಮ ಕಡೆ ಇದಕ್ಕೆ 'ಮಿಸ್ಸಿಂಗ್ ಹೊಡೆಯುವುದು' ಅನ್ನುತ್ತಾರೆ. ಈ ಒಂದು ಮಿಸ್ಸಿಂಗ್ ಹುಡುಕಲು ಎರಡೂವರೆ ತಿಂಗಳು ಹಿಡಿಯಿತು. ಪಾರ್ಟ್ಸ್ ಬದಲಿಸಿ ಬದಲಿಸಿ 18,600 ರೂಪಾಯಿ ಹೋಯಿತು, ಕಳೆದುಕೊಂಡ ಟ್ರಿಪ್ಪುಗಳ ಲೆಕ್ಕ ಬೇರೆ. ಕೊನೆಗೆ ಸರಿಯಾದದ್ದು 380 ರೂಪಾಯಿಯ ಸಾಮಾನಿನಲ್ಲಿ. ಕಾರವಾರದಿಂದ ಭಟ್ಕಳದವರೆಗೆ ಇಂಥ ಸಣ್ಣ ಪಿಕಪ್ ನಂಬಿ ಬದುಕುವವರು ಬಹಳ ಜನ ಇದ್ದೇವೆ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸದೆ ಹಾಕಿ.

ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿ, ಬಿಎಸ್6, ಅಂದರೆ ಹೊಗೆ ಮಾಲಿನ್ಯದ ಹೊಸ ನಿಯಮದ್ದು. ಇಂಜಿನ್ ಸೀಟಿನ ಕೆಳಗಿದೆ. ಮಿಸ್ಸಿಂಗ್ ಅಂದರೆ ನಾಲ್ಕು ಸಿಲಿಂಡರಿನಲ್ಲಿ ಯಾವುದೋ ಒಂದರಲ್ಲಿ ಪೆಟ್ರೋಲ್ ಉರಿಯದೆ ಆ ಒಂದು ತಳ್ಳು ತಪ್ಪಿಹೋಗುವುದು. ಇಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರ್ ನಿಮಿಷಕ್ಕೆ 1,000 ಸಲ ಉರಿಯಬೇಕು. ಅದರಲ್ಲಿ ನಲವತ್ತೋ ಐವತ್ತೋ ತಪ್ಪಿದರೆ ಸಾಕು, ಸೀಟಿನಲ್ಲಿ ಕೂತವರಿಗೆ ಜರ್ಕ್ ಗೊತ್ತಾಗುತ್ತದೆ. ಪೂರ್ತಿ ಸತ್ತ ಸಿಲಿಂಡರ್ ಆದರೆ ಹುಡುಕುವುದು ಸುಲಭ, ಯಾಕೆಂದರೆ ಅದು ಯಾವಾಗಲೂ ಸತ್ತಿರುತ್ತದೆ. ನನ್ನದು ಬಂದು ಹೋಗುವ ದೋಷ. ಘಟ್ಟದಲ್ಲಿ ಬರುತ್ತದೆ, ಕುಮಟಾ ಪೇಟೆಯಲ್ಲಿ ಇರುವುದಿಲ್ಲ, ಗ್ಯಾರೇಜಿನ ಮುಂದೆ ನಿಲ್ಲಿಸಿದರೆ ಹೊಲಿಗೆ ಮಷಿನ್ ಹಾಗೆ ಓಡುತ್ತದೆ.

ಮೊದಲು ಹೋದ ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಹುಡುಗರು ಒಳ್ಳೆಯವರೇ, ದುಡಿಯುವವರೇ. ಆದರೆ ಮಾಡಿದ ಕೆಲಸ ನೋಡಿ. ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಹಾಕಿದರು, ಏನೋ ಕೋಡ್ (ದೋಷದ ನಂಬರ್) ಬಂತು, "ಮಿಸ್‌ಫೈರ್ ಅಣ್ಣಾ" ಅಂದರು, ಆಗಲೇ ಅಳಿಸಿಬಿಟ್ಟರು. ಯಾವ ಕೋಡ್ ಅಂತ ನಾನೂ ಕೇಳಲಿಲ್ಲ, ಅವರೂ ಬರೆದುಕೊಡಲಿಲ್ಲ. ಕಿಡಿ ಹಾರಿಸುವ ನಾಲ್ಕು ಪ್ಲಗ್ ಹೊಸದು ಹಾಕಿದರು. ಮೂರು ದಿನ ಸರಿ ಇತ್ತು, ನಾಲ್ಕನೇ ದಿನ ಅದೇ ಘಟ್ಟದಲ್ಲಿ ಅದೇ ಕುಂಟು. ಮತ್ತೆ ಹೋದೆ, ಪ್ಲಗ್ಗಿಗೆ ಹೆಚ್ಚು ವೋಲ್ಟ್ ಕೊಡುವ ನಾಲ್ಕೂ ಕಾಯಿಲ್ ಬದಲಿಸಿದರು. ವಾರ ಸರಿ ಇತ್ತು. ಆಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕ್ಲೀನಿಂಗ್, ಆಮೇಲೆ ಟ್ಯಾಂಕಿನ ಪೆಟ್ರೋಲ್ ಪಂಪ್. ಪ್ರತಿ ಸಲವೂ ಕೆಲವು ದಿನ ಸರಿಯಾಗುತ್ತಿತ್ತು, ಹಾಗಾಗಿ ಪ್ರತಿ ಸಲವೂ ಈ ಸಲ ಸಿಕ್ಕಿತು ಅಂತ ನಂಬಿದೆವು. ಈ ಕೆಲವು ದಿನ ಸರಿಯಾಗುವುದು ಇದೆಯಲ್ಲ, ಅದೇ ನಮ್ಮನ್ನು ದಾರಿ ತಪ್ಪಿಸಿದ್ದು. ಯಾಕೆ ಸರಿಯಾಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು, ಮುಂದೆ ಬರೆಯುತ್ತೇನೆ.

ನಡುವೆ ಎಲ್ಲರದ್ದೂ ಒಂದೊಂದು ಅಭಿಪ್ರಾಯ. ಜಾಸ್ತಿ ಜನ ಹೇಳಿದ್ದು ಪೆಟ್ರೋಲ್ ಬಗ್ಗೆ. ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥೆನಾಲ್ ಸೇರುತ್ತದೆ, ಎಥೆನಾಲ್ ನೀರು ಎಳೆದುಕೊಳ್ಳುತ್ತದೆ, ನಮ್ಮದು ಮಳೆ ಊರು, ಅದಕ್ಕೇ ಮಿಸ್ಸಿಂಗ್ ಅಂತ. ಮಾತಿನಲ್ಲಿ ಸತ್ಯ ಇದೆ, ನೀರು ಸೇರಿದರೆ ಎಥೆನಾಲ್ ನೀರಿನ ಜೊತೆ ಸೇರಿ ಕೆಳಗೆ ಬೇರೆ ಪದರವಾಗಿ ಕೂರುತ್ತದೆ, ಅದು ಇಂಜಿನ್ ಒಳಗೆ ಹೋದರೆ ಗಾಡಿ ಕುಂಟುವುದೂ ನಿಜ. ಆದರೆ ಅದನ್ನು ಊಹೆ ಮಾಡಬೇಕಾಗಿಲ್ಲ, ನೋಡಬಹುದು. ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲ್ ಒಂದು ಬಿಳಿ ಗಾಜಿನ ಬಾಟಲಿಗೆ ತೆಗೆದು, ಬೆಂಕಿ ಇಲ್ಲದ ಕಡೆ ಅಲುಗಾಡಿಸದೆ ಇಟ್ಟೆ. ರಾತ್ರಿಯಿಡೀ ಇಟ್ಟರೂ ಕೆಳಗೆ ಪದರ ಕೂರಲಿಲ್ಲ. ಅಲ್ಲಿಗೆ ಪೆಟ್ರೋಲಿನ ಮೇಲಿನ ಅನುಮಾನ ಬಿಟ್ಟೆ. ತೆಗೆದಿಡುವುದು ಹತ್ತು ನಿಮಿಷದ ಕೆಲಸ, ಪಂಪ್ ಬದಲಿಸುವ ಮೊದಲೇ ಮಾಡಬೇಕಿತ್ತು.

ಅಕ್ಟೋಬರ್‌ನಲ್ಲಿ ಒಬ್ಬ ಡ್ರೈವರ್ ಗೆಳೆಯ ಅಂಕೋಲೆ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಕಳಿಸಿದ. ಮನೆ ಪಕ್ಕದ ತಗಡಿನ ಶೆಡ್ಡು, ಬೋರ್ಡ್ ಕೂಡ ಇಲ್ಲ. ಅವರು ಬಾನೆಟ್ ತೆಗೆಯಲಿಲ್ಲ, ಸೀಟು ಎತ್ತಲಿಲ್ಲ. ಒಂದು ನೋಟ್‌ಬುಕ್ ತೆಗೆದು ಕೇಳಲು ಶುರು ಮಾಡಿದರು. ಯಾವಾಗ ಬರುತ್ತದೆ? ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ? ಲೋಡ್ ಇದ್ದಾಗಲಾ, ಖಾಲಿಯಲ್ಲೂ ಬರುತ್ತದಾ? ಹತ್ತುವಾಗಲಾ ಇಳಿಯುವಾಗಲಾ? ಮಳೆ ಇತ್ತಾ? ಹಿಂದಿನ ದಿನ ಗಾಡಿ ತೊಳೆದಿದ್ದಿರಾ? ನಾನು ಅರ್ಧಕ್ಕೆ ಉತ್ತರ ಕೊಟ್ಟೆ, ಅರ್ಧಕ್ಕೆ ಗೊತ್ತಿಲ್ಲ ಅಂದೆ. "ಹಾಗಾದರೆ ಒಂದು ವಾರ ಬರೆದುಕೊಂಡು ಬನ್ನಿ, ಈಗ ಬಿಚ್ಚಿದರೆ ನನಗೂ ಕಾಣುವುದಿಲ್ಲ" ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಆ ದಿನ ಸಿಟ್ಟೇ ಬಂತು, ಮತ್ತೆ ಒಂದು ವಾರ ಈ ಕುಂಟು ಗಾಡಿಯಲ್ಲಿ ಘಟ್ಟ ಹತ್ತಬೇಕಲ್ಲ ಅಂತ. ಜೊತೆಗೆ ಒಂದು ಎಚ್ಚರಿಕೆ ಹೇಳಿದರು: ಲೈಟ್ ಸುಮ್ನೆ ಉರಿಯುತ್ತಿದ್ದರೆ ನಿಧಾನಕ್ಕೆ ಮನೆ ತಲುಪಬಹುದು, ಮಿನುಗುತ್ತಿದ್ದರೆ ಆಕ್ಸಿಲೇಟರ್ ಬಿಡಿ, ಸುರಕ್ಷಿತ ಜಾಗ ಸಿಕ್ಕಿದ ಕಡೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತದೆ, ಅದು ಕೆಂಪಗೆ ಕಾದು ಒಳಗಿನ ಜೇನುಗೂಡಿನಂಥ ಭಾಗ ಕರಗಿಹೋಗುತ್ತದೆ. ಆ ಒಂದು ಪಾರ್ಟಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಎರಡು ತಿಂಗಳು ನಾನು ಮಿನುಗುವ ಲೈಟಿನಲ್ಲೇ ಓಡಿಸಿದ್ದೆ, ಮೊದಲ ಗ್ಯಾರೇಜಿನಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ಬರೆದೆ. ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ. ಏಳು ದಿನದಲ್ಲಿ ಐದು ಟ್ರಿಪ್. ಒಟ್ಟಿಗೆ ಇಟ್ಟು ನೋಡಿದಾಗ ನನಗೇ ಆಶ್ಚರ್ಯ ಆಯಿತು, ಎರಡು ತಿಂಗಳು ತಲೆಯಲ್ಲಿ ಇಟ್ಟುಕೊಂಡು ತಿರುಗಿದ್ದು ಕಾಗದದ ಮೇಲೆ ಬಂದಾಗ ಬೇರೆಯೇ ಕಂಡಿತು. ಖಾಲಿ ಗಾಡಿಯಲ್ಲಿ ಒಂದು ಸಲವೂ ಬಂದಿಲ್ಲ. ಇಳಿಯುವಾಗ ಬಂದಿಲ್ಲ. ಹತ್ತುವಾಗ, ಲೋಡ್ ಇದ್ದಾಗ, ಎರಡನೇ ಮೂರನೇ ಗೇರಿನಲ್ಲಿ ಆಕ್ಸಿಲೇಟರ್ ಜೋರಾಗಿ ಒತ್ತಿದಾಗ ಮಾತ್ರ. ಇನ್ನೊಂದು ವಿಷಯ ಇತ್ತು, ಅದನ್ನು ನಾನು ಗಮನಿಸಿರಲೇ ಇಲ್ಲ. ಒಂದು ದಿನ ಬಿಟ್ಟು ಹೋದರೆ ಕಡಿಮೆ. ಇವತ್ತು ಶಿರಸಿಗೆ ಹೋಗಿ ಬಂದು ನಾಳೆ ಬೆಳಿಗ್ಗೆಯೇ ಮತ್ತೆ ಹೊರಟರೆ ಜಾಸ್ತಿ.

ಅವರು ಆ ಹಾಳೆ ಎರಡು ಸಲ ಓದಿದರು. ಆಮೇಲೆ ಸ್ಕ್ಯಾನರ್ ಹಾಕಿ ಕೋಡ್ ಓದಿದರು, ಅಳಿಸಲಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಪಿ0303. ಪಿ0300 ಅಂತ ಬಂದರೆ ಯಾವ ಸಿಲಿಂಡರ್ ಅಂತ ಹೇಳಲಾಗದ ಮಿಸ್ಸಿಂಗ್. ಪಿ0301ರಿಂದ ಪಿ0304ರವರೆಗೆ ಬಂದರೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಇಷ್ಟು ಸುಲಭ. ನನ್ನದು ಮೂರನೆಯದು. ಜೊತೆಗೆ ಕೋಡ್ ಬಿದ್ದ ಆ ಕ್ಷಣದಲ್ಲಿ ಗಾಡಿ ಹೇಗಿತ್ತು ಅಂತ ಕಂಪ್ಯೂಟರ್ ಒಂದು ಫೋಟೋ ತೆಗೆದ ಹಾಗೆ ಇಟ್ಟುಕೊಂಡಿರುತ್ತದೆ, ಅದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ನನ್ನದರಲ್ಲಿ ವೇಗ ಗಂಟೆಗೆ 22 ಕಿ.ಮೀ., ಇಂಜಿನ್ ನಿಮಿಷಕ್ಕೆ 2,150 ಸುತ್ತು, ಇಂಜಿನ್ ಬಿಸಿ 91 ಡಿಗ್ರಿ, ಇಂಜಿನ್ ಮೇಲಿನ ಲೋಡ್ 88 ಪರ್ಸೆಂಟ್. ನೋಡಿದವರಿಗೆ ಇದು ಘಟ್ಟ ಹತ್ತುತ್ತಿರುವ ಗಾಡಿ ಅಂತ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಗುತ್ತದೆ. ಮೊದಲ ಗ್ಯಾರೇಜಿನಲ್ಲಿ ಅಳಿಸಿದ್ದು ಇದನ್ನೇ. ಕೋಡ್ ಅಳಿಸಿದರೆ ಲೈಟ್ ಆರುತ್ತದೆ, ಗಿರಾಕಿಗೆ ಸಮಾಧಾನ ಆಗುತ್ತದೆ, ಆದರೆ ಇದ್ದ ಒಂದು ಸಾಕ್ಷಿ ಹೋಗುತ್ತದೆ. ನನಗೆ ಇವತ್ತಿಗೂ ಬೇಸರ ಇರುವುದು ಆ 18,600 ರೂಪಾಯಿಗಿಂತ ಇದರ ಬಗ್ಗೆ.

ಮೂರನೇ ಸಿಲಿಂಡರ್ ಅಂತ ಗೊತ್ತಾಯಿತು, ಆದರೆ ಯಾಕೆ ಅಂತ ಕೋಡ್ ಹೇಳುವುದಿಲ್ಲ. ಪ್ಲಗ್ ಇರಬಹುದು, ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು, ವಾಲ್ವ್ ಸುಟ್ಟು ಕಂಪ್ರೆಷನ್ (ಸಿಲಿಂಡರಿನ ಒಳಗೆ ಅದುಮಿದ ಗಾಳಿಯ ಒತ್ತಡ) ಹೋಗಿರಬಹುದು, ವೈರ್ ಇರಬಹುದು. ಅವರು ಮೊದಲು ಮಾಡಿದ್ದು ಒಂದು ರೂಪಾಯಿಯೂ ಖರ್ಚಿಲ್ಲದ ಕೆಲಸ. ಮೂರನೆಯ ಕಾಯಿಲ್ ತೆಗೆದು ಒಂದಕ್ಕೆ ಹಾಕಿದರು, ಒಂದರದ್ದು ಮೂರಕ್ಕೆ. ಮೂರನೆಯ ಪ್ಲಗ್ ತೆಗೆದು ನಾಲ್ಕಕ್ಕೆ ಹಾಕಿದರು, ನಾಲ್ಕರದ್ದು ಮೂರಕ್ಕೆ. ದೋಷ ಕಾಯಿಲಿನಲ್ಲಿದ್ದರೆ ಮುಂದಿನ ಸಲ ಕೋಡ್ ಪಿ0301 ಬರಬೇಕು, ಪ್ಲಗ್‌ನಲ್ಲಿದ್ದರೆ ಪಿ0304. ಪಿ0303 ಮತ್ತೆ ಬಂದರೆ ಎರಡೂ ಅಲ್ಲ. ಈ ಅದಲು ಬದಲು ಮೊದಲ ದಿನವೇ ಮಾಡಿದ್ದರೆ ನಾಲ್ಕು ಪ್ಲಗ್, ನಾಲ್ಕು ಕಾಯಿಲ್ ದುಡ್ಡು ಉಳಿಯುತ್ತಿತ್ತು, ಅಲ್ವಾ? ಪ್ಲಗ್ ತೆಗೆದಾಗ ನನಗೂ ತೋರಿಸಿದರು. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಿಂದ ಎಳೆದ ಹಾಗೆ ಕಪ್ಪು ಗೀರು ಇದ್ದರೆ ಕಿಡಿ ಹೊರಗಿನಿಂದ ಹಾರಿ ಹೋಗುತ್ತಿದೆ ಅಂತ ಅರ್ಥವಂತೆ, ನನ್ನದರಲ್ಲಿ ಗೀರು ಇರಲಿಲ್ಲ. ಪ್ಲಗ್ ತೆಗೆದಿದ್ದಾಗಲೇ ಕಂಪ್ರೆಷನ್ ಗೇಜ್ ಹಾಕಿದರು, ನಾಲ್ಕೂ ಹೆಚ್ಚು ಕಡಿಮೆ ಒಂದೇ. ಇಂಜಿನ್ ಗಟ್ಟಿ ಇದೆ ಅಂತ ಗೊತ್ತಾದಾಗ ನನಗೆ ಅರ್ಧ ಜೀವ ಬಂತು.

ಮರುದಿನ ಅವರೇ ನನ್ನ ಜೊತೆ ಹೊರಟರು. ಮೀನಿನ ಕ್ರೇಟ್ ತುಂಬಿದ ಗಾಡಿ, ಬೆಳಿಗ್ಗೆ ಐದು ಗಂಟೆ, ಹೊರಗೆ ಜಿಟಿಜಿಟಿ ಮಳೆ. ಸ್ಕ್ಯಾನರ್ ಸಿಕ್ಕಿಸಿಕೊಂಡು ಪಕ್ಕದ ಸೀಟಿನಲ್ಲಿ ಕೂತರು. ಪರದೆಯಲ್ಲಿ ಎಷ್ಟು ಸಲ ಮಿಸ್ಸಿಂಗ್ ಆಯಿತು ಅನ್ನುವ ಲೆಕ್ಕದ ನಾಲ್ಕು ಸಾಲು, ಒಂದೊಂದು ಸಿಲಿಂಡರಿಗೆ ಒಂದೊಂದು, ಎಲ್ಲದರ ಮುಂದೆ ಸೊನ್ನೆ. ಕತಗಾಲದವರೆಗೆ ಸೊನ್ನೆ. ಘಟ್ಟ ಶುರುವಾಗಿ ಎರಡನೇ ಗೇರಿಗೆ ಇಳಿದೆ, ಮೂರನೇ ಸಾಲಿನಲ್ಲಿ 4 ಬಂತು. ಆಮೇಲೆ 11. ಒಂದು ದೊಡ್ಡ ತಿರುವಿನಲ್ಲಿ ಆಕ್ಸಿಲೇಟರ್ ಒತ್ತಿದೆ, 37. ಉಳಿದ ಮೂರು ಸಾಲೂ ಸೊನ್ನೆಯೇ. "ಬಿಡಿ" ಅಂದರು, ಕಾಲು ತೆಗೆದೆ, ನಿಂತಿತು. "ಒತ್ತಿ" ಅಂದರು, ಮತ್ತೆ ಬಂತು. ಎರಡೂವರೆ ತಿಂಗಳಿನಿಂದ ಯಾರ ಕಣ್ಣಿಗೂ ಬೀಳದ ದೋಷ ಅಲ್ಲಿ ಅಂಕಿಯಾಗಿ ಕೂತಿತ್ತು. ಕೋಡ್ ಮತ್ತೆ ಪಿ0303. ಅಂದರೆ ಕಾಯಿಲ್ ಅಲ್ಲ, ಪ್ಲಗ್ ಅಲ್ಲ.

ಅಲ್ಲಿ ನಿಲ್ಲಿಸಿ ನೋಡೋಣ ಅಂದೆ, ಅವರು ಬೇಡ ಅಂದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದ ಮೇಲೆ ಮಳೆಯಲ್ಲಿ ಗುಡ್ಡ ಕಡಿದ ಬದಿಯಲ್ಲಿ ಗಾಡಿ ನಿಲ್ಲಿಸಲು ನಮಗೆಲ್ಲ ಎದೆ ನಡುಗುತ್ತದೆ. ಘಟ್ಟದ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಸಹ ಸಿಗುವುದಿಲ್ಲ. ಗಾಡಿ ಅಲ್ಲಿ ಕೆಟ್ಟು ನಿಲ್ಲುವುದು ಬರೀ ದುಡ್ಡಿನ ವಿಷಯ ಅಲ್ಲ. ನಿಧಾನ ಹತ್ತಿ, ಶಿರಸಿಯಲ್ಲಿ ಮೀನು ಇಳಿಸಿ, ವಾಪಸ್ ಶೆಡ್ಡಿಗೆ ಬಂದೆವು.

ಶೆಡ್ಡಿನಲ್ಲಿ ಸೀಟು ಎತ್ತಿ ಇಂಜಿನ್ ಸ್ಟಾರ್ಟ್ ಮಾಡಿ ಇಟ್ಟು ಅವರು ಒಂದೊಂದೇ ವೈರನ್ನು ಬೆರಳಿನಿಂದ ಮೆಲ್ಲಗೆ ಅಲುಗಾಡಿಸುತ್ತ ಹೋದರು. ಕಾಯಿಲಿನಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ, ಗೊತ್ತಿಲ್ಲದವರು ಓಡುವ ಇಂಜಿನ್‌ನಲ್ಲಿ ಕೈ ಹಾಕಬೇಡಿ, ಅವರೂ ಒಣ ರಬ್ಬರ್ ಗ್ಲೌಸ್ ಹಾಕಿಕೊಂಡಿದ್ದರು. ಒಂದನೆಯದು ಏನೂ ಇಲ್ಲ. ಎರಡನೆಯದು ಏನೂ ಇಲ್ಲ. ಮೂರನೇ ಕಾಯಿಲಿಗೆ ಹೋಗುವ ಕನೆಕ್ಟರ್‌ನ ಹಿಂದೆ, ಒಂದು ಗೇಣು ದೂರದಲ್ಲಿ, ವೈರನ್ನು ಸ್ವಲ್ಪ ಹಿಂದಕ್ಕೆ ಎಳೆದ ಹಾಗೆ ಮಾಡಿದ್ದೇ ಇಂಜಿನ್ ತೊದಲಿತು. ಬಿಟ್ಟರು, ಸರಿ. ಎಳೆದರು, ತೊದಲಿತು.

ಇಂಜಿನ್ ಆಫ್ ಮಾಡಿ ಕನೆಕ್ಟರ್ ಬಿಚ್ಚಿದರು. ಒಳಗಿನ ಮೂರು ಪಿನ್ನುಗಳಲ್ಲಿ ಒಂದರ ಮೇಲೆ ಹಸಿರು ಕಿಲುಬು. ಹಳೇ ತಾಮ್ರದ ಚೊಂಬಿನ ತಳದಲ್ಲಿ ಕಟ್ಟುತ್ತದಲ್ಲ, ಹಾಗೆ, ಪುಡಿ ಪುಡಿಯಾಗಿ. ನೀರು ಹೋಗದಂತೆ ಇರಬೇಕಾದ ಸಣ್ಣ ರಬ್ಬರ್ ರಿಂಗ್ ಹರಿದಿತ್ತು. ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗಿ ತೋರಿಸಿತು. ಇಲ್ಲಿ ಅವರು ನಿಲ್ಲಲಿಲ್ಲ, ನನಗೆ ತುಂಬ ಮೆಚ್ಚುಗೆ ಆದದ್ದು ಈ ಜಾಗ. ಅದೇ ವೈರಿಗೆ ಒಂದು ಹೆಡ್‌ಲೈಟ್ ಬಲ್ಬ್ ಸಿಕ್ಕಿಸಿದರು. ಬಲ್ಬ್ ಮಂಕಾಗಿ ಉರಿಯಿತು, ವೈರ್ ಎಳೆದರೆ ಆರಿತು. ಮೀಟರಿಗೆ ಕರೆಂಟ್ ಬೇಕಾಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ತಲೆಗೂದಲಿನಂಥ ಒಂದು ಎಳೆ ಕೂಡಿದ್ದರೂ ಅದು 12 ತೋರಿಸುತ್ತದೆ. ಕಾಯಿಲಿಗೆ ಕೆಲಸ ಮಾಡಲು ನಿಜವಾದ ಕರೆಂಟ್ ಬೇಕು. ಬಲ್ಬ್ ಅದನ್ನು ಕೇಳುತ್ತದೆ, ಅದಕ್ಕೇ ಸತ್ಯ ಹೇಳುತ್ತದೆ.

ವೈರಿನ ಮೇಲಿನ ಪ್ಲಾಸ್ಟಿಕ್ ಹೊರಗಿನಿಂದ ಹೊಸದರ ಹಾಗೆ ಇತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಒಳಗಿನ ತಾಮ್ರ ಕಪ್ಪಾಗಿ, ಕೆಲವು ಕಡೆ ಹಸಿರಾಗಿ, ಬೆರಳಿಗೆ ಪುಡಿಯಾಗಿ ಬಂತು. ಎಣಿಸಿದರೆ ಎರಡೋ ಮೂರೋ ಎಳೆ ಉಳಿದಿದ್ದವು. ಆ ತುಂಡು ನನ್ನ ಹತ್ತಿರ ಇದೆ.

ಈಗ ಕೂಡಿಸಿ ನೋಡಿ. ಹತ್ತುವಾಗ ಆಕ್ಸಿಲೇಟರ್ ಒತ್ತಿದರೆ ಇಂಜಿನ್ ಅದರ ರಬ್ಬರ್ ಮೌಂಟಿನ ಮೇಲೆ ಒಂದು ಕಡೆ ವಾಲುತ್ತದೆ, ವಾಲಿದಾಗ ಆ ವೈರ್ ಎಳೆಯುತ್ತದೆ, ಉಳಿದ ಎರಡು ಮೂರು ಎಳೆ ಬಿಟ್ಟುಕೊಳ್ಳುತ್ತವೆ. ಜೊತೆಗೆ ಲೋಡ್ ಬಿದ್ದಾಗ ಸಿಲಿಂಡರಿನ ಒಳಗೆ ಒತ್ತಡ ಜಾಸ್ತಿ, ಆ ಒತ್ತಡದಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟ್ ಬೇಕು, ಬಡಕಲು ಕರೆಂಟ್ ಕುಡಿದ ಕಾಯಿಲ್‌ಗೆ ಅಷ್ಟು ಕೊಡಲು ಆಗುವುದಿಲ್ಲ. ಗ್ಯಾರೇಜಿನ ಮುಂದೆ ಖಾಲಿ ನಿಂತ ಗಾಡಿಗೆ ಇದ್ಯಾವುದೂ ಇಲ್ಲ. ಮತ್ತೆ ಮೊದಲ ಗ್ಯಾರೇಜಿನಲ್ಲಿ ಪ್ರತಿ ರಿಪೇರಿ ಆದ ಮೇಲೂ ಕೆಲವು ದಿನ ಸರಿ ಇದ್ದದ್ದು ಯಾಕೆ? ಏನೇ ಬಿಚ್ಚಲಿ, ಆ ಕನೆಕ್ಟರ್ ತೆಗೆದು ಹಾಕುತ್ತಿದ್ದರು ಅಥವಾ ವೈರಿನ ಕಟ್ಟನ್ನು ಸರಿಸುತ್ತಿದ್ದರು. ತೆಗೆದು ಹಾಕಿದಾಗ ಪಿನ್ನಿನ ಕಿಲುಬು ಸ್ವಲ್ಪ ಕೆರೆದು ಹೋಗುತ್ತಿತ್ತು, ವೈರ್ ಸ್ವಲ್ಪ ಜಾಗ ಬದಲಿಸುತ್ತಿತ್ತು. ಹೊಸ ಕಾಯಿಲಿನಿಂದ ಸರಿಯಾಯಿತು ಅಂತ ನಾವು ತಿಳಿದುಕೊಂಡೆವು, ಸರಿಯಾದದ್ದು ಕೈ ಸೋಕಿದ್ದರಿಂದ.

ಒಂದು ದಿನ ಬಿಟ್ಟು ಹೋದರೆ ಕಡಿಮೆ ಯಾಕೆ ಅನ್ನುವುದು ಉಳಿಯಿತಲ್ಲ? ಅದನ್ನು ಅವರು ಗಾಡಿಯ ಹಿಂದಿನ ಬಾಡಿ ಹತ್ತಿ ತೋರಿಸಿದರು. ಮೀನಿನ ಕ್ರೇಟಿನಲ್ಲಿ ಐಸ್ ಕರಗಿ ನೀರು ಇಳಿಯುತ್ತದೆ, ಅದರಲ್ಲಿ ಮೀನಿನ ಉಪ್ಪು ಇರುತ್ತದೆ. ಘಟ್ಟ ಹತ್ತುವಾಗ ಆ ನೀರು ಹಿಂದಕ್ಕೆ ಓಡಿ ರಸ್ತೆಗೆ ಬೀಳುತ್ತದೆ. ಶಿರಸಿಯಿಂದ ಖಾಲಿ ಕ್ರೇಟು ಹಾಕಿಕೊಂಡು ಇಳಿಯುವಾಗ ಗಾಡಿಯ ಮೂತಿ ಕೆಳಗೆ, ಬಾಡಿಯಲ್ಲಿ ಉಳಿದ ಉಪ್ಪುನೀರೆಲ್ಲ ಮುಂದಕ್ಕೆ ಓಡಿ ಬಂದು ಕ್ಯಾಬಿನ್ ಹಿಂದಿನ ಮೂಲೆಯಲ್ಲಿ ನಿಲ್ಲುತ್ತದೆ. ಆ ಮೂಲೆಯಲ್ಲಿ ತಗಡು ಕೂಡಿಸಿದ ಕಡೆ ಒಂದು ಬೋಲ್ಟು ಬಿದ್ದುಹೋದ ತೂತು. ತೂತಿನ ನೇರ ಕೆಳಗೆ ಇಂಜಿನ್‌ಗೆ ಹೋಗುವ ವೈರಿನ ಕಟ್ಟು. ದಿನಾ ಮಧ್ಯಾಹ್ನ ಅರ್ಧ ತಾಸು ತೊಟ್ಟು ತೊಟ್ಟಾಗಿ ಉಪ್ಪುನೀರು ಅದರ ಮೇಲೆ ಬಿದ್ದು, ವೈರ್ ಹಿಡಿದುಕೊಂಡೇ ಇಳಿದು, ರಬ್ಬರ್ ಹರಿದ ಕನೆಕ್ಟರ್‌ನಿಂದ ಒಳಗೆ ಹೋಗುತ್ತಿತ್ತು. ಒಳಗೆ ಹೋದ ನೀರು ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ತಾಮ್ರದ ಎಳೆಗಳ ನಡುವೆ ಮೇಲಕ್ಕೆ ಏರುತ್ತದೆ, ಅದಕ್ಕೇ ಕನೆಕ್ಟರ್‌ನಿಂದ ಒಂದು ಗೇಣು ದೂರದಲ್ಲೂ ವೈರ್ ಕೊಳೆತಿತ್ತು. ಮರುದಿನ ಬೆಳಿಗ್ಗೆ ಹೊರಟರೆ ಇನ್ನೂ ಒದ್ದೆ. ಒಂದು ದಿನ ಬಿಟ್ಟರೆ ಸ್ವಲ್ಪ ಒಣಗಿರುತ್ತದೆ.

ಕೊಳೆತ ಭಾಗ ಕತ್ತರಿಸಿ, ಒಳ್ಳೆಯ ತಾಮ್ರ ಸಿಗುವ ತನಕ ಹಿಂದಕ್ಕೆ ಹೋಗಿ, ಹೊಸ ವೈರ್ ಜೋಡಿಸಿ ಬೆಸುಗೆ ಹಾಕಿ, ಕಾಸಿದರೆ ಮುದುಡಿ ಕೂರುವ ಸ್ಲೀವ್ ಹಾಕಿದರು. ಹೊಸ ಕನೆಕ್ಟರ್, ಅದರೊಳಗೆ ನೀರು ತಡೆಯುವ ಗ್ರೀಸ್ ಸ್ವಲ್ಪ. ಇಂಜಿನ್ ಅರ್ಥ್ ಪಟ್ಟಿ ಬಿಚ್ಚಿ ತುಕ್ಕು ಕೆರೆದು ಮತ್ತೆ ಬಿಗಿದರು. ಬಾಡಿ ತೂತಿಗೆ ಬೋಲ್ಟು, ಸುತ್ತ ಸೀಲೆಂಟ್. ಸಾಮಾನು 380 ರೂಪಾಯಿ. ಅವರ ಕೆಲಸಕ್ಕೆ ಎಷ್ಟು ಅಂದರೆ ಹೇಳಲೇ ಇಲ್ಲ, ನಾನೇ ಒತ್ತಾಯ ಮಾಡಿ ಕೊಟ್ಟೆ. ಅವತ್ತಿನಿಂದ ಇವತ್ತಿನವರೆಗೆ ದೇವಿಮನೆಯಲ್ಲಾಗಲಿ ಅರಬೈಲ್ ಘಟ್ಟದಲ್ಲಾಗಲಿ ಒಂದು ಜರ್ಕ್ ಇಲ್ಲ.

ಡೀಸೆಲ್ ಗಾಡಿಯವರಿಗೆ ಕಿಡಿ ಹಾರಿಸುವ ಪ್ಲಗ್, ಕಾಯಿಲ್ ಎರಡೂ ಇರುವುದಿಲ್ಲ, ಅಲ್ಲಿ ಇಂಜೆಕ್ಟರ್, ಲೈನಿನಲ್ಲಿ ಗಾಳಿ, ಫಿಲ್ಟರಿನಲ್ಲಿ ನೀರು ನೋಡಬೇಕು. ಫಿಲ್ಟರ್ ಕೆಳಗಿನ ನೀರು ಬಿಡುವ ಸ್ಕ್ರೂ ಮಳೆಗಾಲದಲ್ಲಿ ಆಗಾಗ ಸಡಿಲಿಸಿ. ಆದರೆ ಸೆನ್ಸರ್, ವೈರು ಅವರಿಗೂ ಇದೆ, ಕಡಲೂ ಅದೇ, ಉಪ್ಪೂ ಅದೇ.

ಇದನ್ನೆಲ್ಲ ಯಾಕೆ ಪತ್ರಿಕೆಗೆ ಬರೆಯುತ್ತಿದ್ದೇನೆ ಅಂದರೆ, ನನಗೆ ಕೆಲವು ಕಡೆ ಕೇಳಿಕೊಳ್ಳುವುದಿದೆ.

ಗ್ಯಾರೇಜಿನವರಲ್ಲಿ ಕೇಳುವುದು: ಕೋಡ್ ಓದಿದರೆ ಅದನ್ನು ಬಿಲ್ಲಿನ ಮೇಲೆ ಬರೆದುಕೊಡಿ. ಫ್ರೀಜ್ ಫ್ರೇಮ್ ನೋಡದೆ ಅಳಿಸಬೇಡಿ. ತೆಗೆದ ಪಾರ್ಟನ್ನು ಗಿರಾಕಿಗೆ ವಾಪಸ್ ಕೊಡಿ. ನನ್ನ ನಾಲ್ಕು ಹಳೇ ಕಾಯಿಲ್ ಸರಿಯಾಗಿದ್ದವು ಅಂತ ಈಗ ನನಗೆ ಗೊತ್ತು, ಆದರೆ ಅವು ಎಲ್ಲಿ ಹೋದವೋ ಗೊತ್ತಿಲ್ಲ. ಬಂದು ಹೋಗುವ ದೋಷ ಅಂದರೆ "ಈಗ ಕಾಣುವುದಿಲ್ಲ, ಕಂಡಾಗ ನೋಡೋಣ, ಬರೆದುಕೊಂಡು ಬನ್ನಿ" ಅಂತ ಹೇಳಿ. ಆ ಸಮಯಕ್ಕೆ, ಜೊತೆಗೆ ಘಟ್ಟಕ್ಕೆ ಬರುವ ಆ ಎರಡು ತಾಸಿಗೆ ದುಡ್ಡು ಕೇಳಿ, ನಾವು ಕೊಡುತ್ತೇವೆ. ಬೇಡದ ಪಂಪಿಗೆ ಸಾವಿರಗಟ್ಟಲೆ ಕೊಡುವುದಕ್ಕಿಂತ ನೋಡಿದ್ದಕ್ಕೆ 500 ಕೊಡುವುದು ನಮಗೆ ಎಷ್ಟೋ ಸಂತೋಷ. ಗಿರಾಕಿಗಳಾದ ನಮ್ಮ ತಪ್ಪೂ ಇಲ್ಲಿದೆ. ಪಾರ್ಟ್ ಹಾಕಿದರೆ ದುಡ್ಡು ಕೊಡುತ್ತೇವೆ, "ಏನೂ ಹಾಕಿಲ್ಲ, ಸುಮ್ನೆ ನೋಡಿದ್ದು" ಅಂದರೆ ಮುಖ ಸಣ್ಣ ಮಾಡುತ್ತೇವೆ. ಹಾಗಿದ್ದಾಗ ಹುಡುಗರು ಪಾರ್ಟ್ ಹಾಕದೆ ಏನು ಮಾಡುತ್ತಾರೆ?

ನಮ್ಮ ಜಿಲ್ಲೆಯ ಸರ್ಕಾರಿ ಐಟಿಐಗಳಲ್ಲಿ ಸಂಜೆ ಹೊತ್ತು, ಈಗಾಗಲೇ ಕೆಲಸ ಮಾಡುತ್ತಿರುವ ಮೆಕ್ಯಾನಿಕ್‌ಗಳಿಗೆ, ಬಿಎಸ್6 ಗಾಡಿಗಳ ವೈರಿಂಗ್ ಮತ್ತು ಸ್ಕ್ಯಾನರ್ ಬಗ್ಗೆ ಹತ್ತು ಹದಿನೈದು ದಿನದ ತರಬೇತಿ ಕೊಡಬೇಕು. 2020ರ ಏಪ್ರಿಲ್‌ನಿಂದ ಬಂದ ಗಾಡಿಗಳೆಲ್ಲ ಬಿಎಸ್6. ಕಾರ್ಬೊರೇಟರ್ ಬಿಚ್ಚಿ ಕಲಿತ ಕೈಗಳು ಈಗ ಇವನ್ನು ರಿಪೇರಿ ಮಾಡಬೇಕಾಗಿದೆ. ಅವರಿಗೆ ಕಲಿಯುವ ಆಸೆ ಇಲ್ಲ ಅಂತಲ್ಲ. ಗ್ಯಾರೇಜ್ ಮುಚ್ಚಿ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿ ಕಲಿಯಲು ಆಗುವುದಿಲ್ಲ. ಕಾರವಾರ, ಕುಮಟಾ, ಶಿರಸಿಯಲ್ಲಿ ಕೊಟ್ಟರೆ ಖಂಡಿತ ಬರುತ್ತಾರೆ. ಆ ಹಿರಿಯರಂಥವರನ್ನು ಕರೆಸಿ ಒಂದು ದಿನ ಪಾಠ ಮಾಡಿಸಿ.

ಇನ್ನೊಂದು ಬಂದರಿನ ವಿಷಯ. ತದಡಿ ಇರಲಿ, ಕಾರವಾರದ ಬೈತಖೋಲ್ ಇರಲಿ, ಮೀನು ತುಂಬುವ ಗಾಡಿಗಳಿಗೆ ಸಿಹಿನೀರಿನಲ್ಲಿ ಬಾಡಿ ಮತ್ತು ಅಡಿಭಾಗ ತೊಳೆದುಕೊಳ್ಳಲು ಒಂದು ಪೈಪು, ಒಂದು ಕಾಂಕ್ರೀಟ್ ಇಳಿಜಾರು ಬೇಕು. ಗಡಿಬಿಡಿಯಲ್ಲಿ ಎಷ್ಟೋ ಜನ ಕಡಲ ನೀರೇ ಎರಚಿ ತೊಳೆಯುತ್ತಾರೆ, ನಾನೂ ಹಾಗೆ ಮಾಡಿದ್ದೇನೆ. ಅದು ಉಪ್ಪಿನ ಮೇಲೆ ಉಪ್ಪು ಹಾಕಿದ ಹಾಗೆ. ಮೀನುಗಾಡಿಗಳ ನೀರು ರಸ್ತೆಗೆ ಬಿದ್ದು ತಿರುವುಗಳಲ್ಲಿ ಬೈಕಿನವರು ಜಾರುತ್ತಾರೆ ಅನ್ನುವ ದೂರು ನಿಮ್ಮಲ್ಲೇ ಎಷ್ಟು ಸಲ ಬಂದಿಲ್ಲ? ಆ ದೂರು ಸರಿಯಾದದ್ದು. ನಾನು ಈಗ ಬಾಡಿಯ ನಾಲ್ಕು ಮೂಲೆಯನ್ನೂ ಸೀಲ್ ಮಾಡಿಸಿ, ಹಿಂದೆ ಒಂದು, ಮುಂದೆ ಒಂದು ಪೈಪ್ ಇಟ್ಟು, ಎರಡನ್ನೂ ಚಾಸಿಸ್‌ಗೆ ಕಟ್ಟಿದ 20 ಲೀಟರಿನ ಕ್ಯಾನಿಗೆ ಬಿಟ್ಟಿದ್ದೇನೆ. ಶಿರಸಿ ಮಾರ್ಕೆಟ್ಟಿನ ಗಟಾರದಲ್ಲಿ ಒಮ್ಮೆ, ವಾಪಸ್ ಬಂದ ಮೇಲೆ ಒಮ್ಮೆ ಖಾಲಿ ಮಾಡಿದರೆ ಸಾಕು. ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಹೇಗೆ ಮಾಡಿಸಿದ್ದು ಅಂತ ನೋಡಬೇಕು ಅನ್ನುವವರು ಬೆಳಿಗ್ಗೆ ನಾಲ್ಕೂವರೆ ಹೊತ್ತಿಗೆ ತದಡಿ ಬಂದರಿಗೆ ಬನ್ನಿ, ಅಲ್ಲೇ ಇರುತ್ತೇನೆ, ಆ ಕೊಳೆತ ವೈರಿನ ತುಂಡೂ ಗಾಡಿಯಲ್ಲೇ ಇದೆ.

ಇಂತಿ,
ಒಬ್ಬ ಪಿಕಪ್ ಮಾಲೀಕ-ಚಾಲಕ
ತದಡಿ, ಕುಮಟಾ ತಾಲ್ಲೂಕು